ಶೇ. 0.10ರ ಗೆರೆ ದಾಟುವ ಮುನ್ನ: ಹಡಗಿನಲ್ಲಿ ಇಂಧನ ಬದಲಿಸುವುದು ಹೇಗೆ?

ಹೊಸದಾಗಿ ಎಂಜಿನ್ ರೂಮಿಗೆ ಇಳಿಯುವ ಹುಡುಗ ಹುಡುಗಿಯರು, ಅದರಲ್ಲೂ ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮತ್ತೆ ಮತ್ತೆ ಕೇಳುವುದು ಒಂದೇ. ‘ಈ.ಸಿ.ಎ. (ಹಡಗಿನ ಹೊಗೆಗೆ ಬಿಗಿ ಮಿತಿ ಇರುವ ಸಮುದ್ರ ಪ್ರದೇಶ) ಒಳಗೆ ಹೋಗುವಾಗ ಎಣ್ಣೆ ಬದಲಿಸಬೇಕಲ್ಲ, ಎಷ್ಟು ಹೊತ್ತು ಮೊದಲು ಶುರು ಮಾಡಬೇಕು? ಏನೇನು ಬರೆದಿಡಬೇಕು?’ 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರವೂ ಆ ಪಟ್ಟಿಗೆ ಸೇರಿತು. ಅಲ್ಲಿಂದ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಸೂಯೆಜ್ ದಾಟಿ ಯೂರೋಪಿಗೆ ಹೋಗುವ ಹಡಗು ಹಿಂದೆ ಇಂಗ್ಲಿಷ್ ಚಾನೆಲ್ ಹತ್ತಿರ ಬಂದಾಗ ಮಾಡುತ್ತಿದ್ದ ಕೆಲಸವನ್ನು ಈಗ ಸೂಯೆಜ್ ದಾಟುವ ಮುನ್ನವೇ ಮುಗಿಸಬೇಕು.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಬಂಕರ್ (ಹಡಗಿಗೆ ತುಂಬಿಸಿಕೊಳ್ಳುವ ಇಂಧನ) ಕಾಗದದಲ್ಲಿ ಏನು ಬರೆದಿದೆ ಅನ್ನುವುದಷ್ಟೇ ಇಲ್ಲಿ ಮುಖ್ಯವಲ್ಲ. ಈ.ಸಿ.ಎ. ಗಡಿಯ ಗೆರೆ ದಾಟುವ ಗಳಿಗೆಯಲ್ಲಿ ಎಂಜಿನ್‌ಗೆ ಹೋಗುವ ಪೈಪಿನಲ್ಲಿ ಯಾವ ಎಣ್ಣೆ ಇದೆ ಅನ್ನುವುದು ಮುಖ್ಯ. ತಪ್ಪುಗಳು ಆಗುವುದು ಹೆಚ್ಚಾಗಿ ಈ ಎರಡರ ನಡುವೆಯೇ.

ನಿಯಮ ಚುಟುಕಾಗಿ

ಹಡಗಿನ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಹೆಸರು ಮಾರ್ಪೋಲ್. ಅದರ ಆರನೇ ಅನುಬಂಧ ಗಾಳಿಗೆ ಸಂಬಂಧಪಟ್ಟದ್ದು. ಅದರಲ್ಲಿ 14ನೇ ನಿಯಮ ಇಂಧನದಲ್ಲಿ ಗಂಧಕ, ಅಂದರೆ ಸಲ್ಫರ್, ಎಷ್ಟಿರಬಹುದು ಅಂತ ಹೇಳುತ್ತದೆ. ಜಗತ್ತಿನ ಎಲ್ಲ ಸಮುದ್ರಗಳಿಗೂ ಈಗಿನ ಮಿತಿ ತೂಕದಲ್ಲಿ ಶೇ. 0.50. ಇದು ಬಂದದ್ದು 2020ರ ಜನವರಿ 1ರಿಂದ. ಅದಕ್ಕೂ ಮೊದಲು ಶೇ. 3.50 ಇತ್ತು, 2012ಕ್ಕಿಂತ ಮೊದಲು ಶೇ. 4.50. ಭಾರತವೂ ಈ ಒಪ್ಪಂದದಲ್ಲಿದೆ. ಹಾಗಾಗಿ ನವ ಮಂಗಳೂರು ಬಂದರಿಗೆ ಬರುವ ಹಡಗಿಗೂ 0.50ರ ಮಿತಿಯೇ.

ಕೆಲವು ಸಮುದ್ರಗಳಿಗೆ ಇನ್ನೂ ಬಿಗಿ. ಅಲ್ಲಿ 2015ರ ಜನವರಿ 1ರಿಂದ ಶೇ. 0.10 ಮಾತ್ರ. ಇಂಥ ಜಾಗಗಳಿಗೆ ಹೊಗೆ ನಿಯಂತ್ರಣ ಪ್ರದೇಶ ಅನ್ನಬಹುದು. ಹಡಗಿನಲ್ಲಿ ಎಲ್ಲರೂ ಈ.ಸಿ.ಎ. ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಈ ಅಂಕಿ ಎಷ್ಟು ಬಿಗಿ? ಒಂದು ಟನ್ ಎಣ್ಣೆಯಲ್ಲಿ ಶೇ. 3.50 ಗಂಧಕ ಇದ್ದರೆ 35 ಕಿಲೋ ಗಂಧಕ. ಉರಿದಾಗ ಅದು ಆಮ್ಲಜನಕದ ಜೊತೆ ಸೇರಿ ಎರಡರಷ್ಟು ತೂಕದ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಅಂದರೆ 70 ಕಿಲೋ. ಶೇ. 0.50ಕ್ಕೆ ಅದು 10 ಕಿಲೋ, ಶೇ. 0.10ಕ್ಕೆ 2 ಕಿಲೋ. ಹಾಗಂತ 0.10ರ ಎಣ್ಣೆ ಬಹಳ ಶುದ್ಧ ಅಂದುಕೊಳ್ಳಬೇಡಿ. ನಮ್ಮ ಪೆಟ್ರೋಲ್ ಬಂಕಿನ ಬಿ.ಎಸ್. 6 ಡೀಸೆಲ್‌ನಲ್ಲಿ ಗಂಧಕ ಇರುವುದು ಹತ್ತು ಲಕ್ಷಕ್ಕೆ 10 ಭಾಗ. ಹಡಗಿನ 0.10 ಅಂದರೆ ಹತ್ತು ಲಕ್ಷಕ್ಕೆ 1,000 ಭಾಗ.

ಇನ್ನೆರಡು ಹೆಸರು ಗೊತ್ತಿರಲಿ. ಶೇ. 0.50ರ ಒಳಗಿನ ಭಾರೀ ಎಣ್ಣೆಗೆ ವಿ.ಎಲ್.ಎಸ್.ಎಫ್.ಒ. ಅನ್ನುತ್ತಾರೆ. ಶೇ. 0.10ರ ಒಳಗೆ ಸಿಗುವುದು ಸಾಮಾನ್ಯವಾಗಿ ಎಂ.ಜಿ.ಒ., ಅಂದರೆ ತೆಳುವಾದ ಸಮುದ್ರ ಡೀಸೆಲ್. ಈ ಲೇಖನ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದರ ಬಗ್ಗೆ.

ಕೈಯಲ್ಲಿ ಇರಬೇಕಾದ್ದು

ನಿಮ್ಮ ಹಡಗಿನದೇ ಆದ, ಬರೆದಿಟ್ಟ ಇಂಧನ ಬದಲಾವಣೆಯ ವಿಧಾನ. ಇದು ಕಡ್ಡಾಯ, ಹಡಗಿನಲ್ಲಿ ಇರಲೇಬೇಕು. ಪಕ್ಕದ ಹಡಗಿನಿಂದ ನಕಲು ಹೊಡೆದ ಪುಸ್ತಕವನ್ನು ನಂಬಬೇಡಿ, ಪೈಪಿನ ಉದ್ದ, ಟ್ಯಾಂಕಿನ ಅಳತೆ ಹಡಗಿನಿಂದ ಹಡಗಿಗೆ ಬೇರೆ. ಅದರ ಜೊತೆ ಎರಡೂ ಎಣ್ಣೆಗಳ ಬಿ.ಡಿ.ಎನ್., ಲ್ಯಾಬ್ ವರದಿ, ಇವತ್ತಿನ ಸೌಂಡಿಂಗ್ (ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವ ಅಳತೆ), ಮತ್ತು ಇಂಧನ ಪೈಪಿನ ನಕ್ಷೆ. ಬಿ.ಡಿ.ಎನ್. ಅಂದರೆ ಬಂಕರ್ ಕೊಟ್ಟವರು ಕೊಡುವ ರಸೀತಿ. ಅದರ ಬಗ್ಗೆ ಎರಡನೇ ಹಂತದಲ್ಲಿ ಹೇಳುತ್ತೇನೆ.

ನಕ್ಷೆಯನ್ನು ಕಂಪ್ಯೂಟರಿನಲ್ಲಿ ನೋಡಿದರೆ ಸಾಲದು. ಕೈಯಲ್ಲಿ ಹಿಡಿದು ಪೈಪಿನ ಜೊತೆ ನಡೆಯಿರಿ. ಪ್ರತಿ ವಾಲ್ವ್ ಮುಟ್ಟಿ ನೋಡಿ.

1. ಗೆರೆ ಎಲ್ಲಿದೆ ಅಂತ ಬ್ರಿಡ್ಜ್‌ನಿಂದ ಬರೆಸಿಕೊಳ್ಳಿ

ಸದ್ಯ ಶೇ. 0.10 ಬೇಕಿರುವ ಈ.ಸಿ.ಎ.ಗಳು ಇವು: ಬಾಲ್ಟಿಕ್ ಸಮುದ್ರ, ನಾರ್ತ್ ಸೀ, ಉತ್ತರ ಅಮೆರಿಕದ ತೀರ, ಅಮೆರಿಕಕ್ಕೆ ಸೇರಿದ ಕೆರಿಬಿಯನ್ ಭಾಗ, ಮೆಡಿಟರೇನಿಯನ್. ಕೆನಡಾದ ಆರ್ಕ್ಟಿಕ್ ಮತ್ತು ನಾರ್ವೇಜಿಯನ್ ಸಮುದ್ರದಲ್ಲಿ 0.10ರ ಮಿತಿ 2027ರ ಮಾರ್ಚ್ 1ರಿಂದ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಈ ಪಟ್ಟಿಯಲ್ಲಿಲ್ಲ.

ನಾರ್ತ್ ಸೀ ಪ್ರದೇಶ ಹೆಸರಿಗೆ ಮಾತ್ರ ನಾರ್ತ್ ಸೀ. ಅದು ಇಂಗ್ಲಿಷ್ ಚಾನೆಲ್‌ನ ಬಾಯಿಂದಲೇ, ಪಶ್ಚಿಮ ರೇಖಾಂಶ 5 ಡಿಗ್ರಿಯಿಂದಲೇ ಶುರುವಾಗುತ್ತದೆ. ಉತ್ತರ ಅಮೆರಿಕದ್ದು ತೀರದಿಂದ ಸುಮಾರು 200 ನಾಟಿಕಲ್ ಮೈಲಿವರೆಗೆ ಚಾಚಿದೆ. ‘ಬಂದರು ಇನ್ನೂ ದೂರ ಇದೆ’ ಅಂತ ಕೂತರೆ ಅಷ್ಟರಲ್ಲೇ ಒಳಗಿರುತ್ತೀರಿ.

ಆದ್ದರಿಂದ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಹೋಗಿ ದಾರಿ ಗುರುತಿಸುವ ಅಧಿಕಾರಿ ಸೆಕೆಂಡ್ ಮೇಟ್ ಹತ್ತಿರ ಮೂರು ವಿಷಯ ಕಾಗದದಲ್ಲೇ ತಗೊಳ್ಳಿ. ನಮ್ಮ ದಾರಿ ಗೆರೆಯನ್ನು ಕಡಿಯುವ ಅಕ್ಷಾಂಶ ರೇಖಾಂಶ, ತಲುಪುವ ಸಮಯ, ಆ ಸಮಯ ಯು.ಟಿ.ಸಿ.ಯೋ (ಜಗತ್ತಿಗೆಲ್ಲ ಒಂದೇ ಆದ ಸಮಯ) ಹಡಗಿನ ಗಡಿಯಾರದ್ದೋ. ಬಾಯಿಮಾತಿನಲ್ಲಿ ಕೇಳಿಕೊಂಡು ಬಂದರೆ ಮೂರನೆಯದು ಮರೆತುಹೋಗುತ್ತದೆ.

ಈ.ಸಿ.ಎ. ಹೊರಗೂ ಕೆಲವು ದೇಶಗಳ ಸ್ವಂತ ನಿಯಮಗಳಿವೆ. ಯೂರೋಪಿಯನ್ ಒಕ್ಕೂಟದ ಯಾವುದೇ ಬಂದರಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ನಿಲ್ಲುವ ಹಡಗು ದಕ್ಕೆಯಲ್ಲಿ ಶೇ. 0.10 ಎಣ್ಣೆಯನ್ನೇ ಉರಿಸಬೇಕು. ಇದು 2010ರಿಂದ ಇದೆ. ಚೀನಾದ ಹೈನಾನ್ ಸುತ್ತ 2022ರಿಂದ ಶೇ. 0.10. ಕ್ಯಾಲಿಫೋರ್ನಿಯಾದವರು ತೀರದಿಂದ 24 ನಾಟಿಕಲ್ ಮೈಲಿ ಒಳಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಗಂಧಕ 0.10 ಇದ್ದರಷ್ಟೇ ಸಾಲದು, ಎಣ್ಣೆ ಡಿಸ್ಟಿಲೇಟ್ ಆಗಿರಬೇಕು, ಅಂದರೆ ಎಂ.ಜಿ.ಒ. ತರಹದ ಬಟ್ಟಿ ಇಳಿಸಿದ ಎಣ್ಣೆ. 0.10ರ ಒಳಗಿನ ಭಾರೀ ಎಣ್ಣೆಯೂ ಮಾರುಕಟ್ಟೆಯಲ್ಲಿದೆ. ಉಳಿದ ಕಡೆ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

2. ಬಂಕರ್ ತಗೊಳ್ಳುವಾಗಲೇ ಅರ್ಧ ಕೆಲಸ ಮುಗಿಸಿ

ಎಣ್ಣೆ ತರುವ ದೋಣಿ, ಅಂದರೆ ಬಾರ್ಜ್, ಪಕ್ಕಕ್ಕೆ ಬಂದಾಗ ಎಲ್ಲರಿಗೂ ಆತುರ. ಆದರೆ ಇಲ್ಲಿ ಬಿಟ್ಟದ್ದನ್ನು ಆಮೇಲೆ ಎಷ್ಟೇ ಲೆಕ್ಕ ಹಾಕಿದರೂ ಸರಿಮಾಡಲು ಆಗುವುದಿಲ್ಲ.

ಬಿ.ಡಿ.ಎನ್.ನಲ್ಲಿ ಹಡಗಿನ ಹೆಸರು, ಐ.ಎಂ.ಒ. ನಂಬರ್ (ಹಡಗಿನ ಗುರುತಿನ ಸಂಖ್ಯೆ), ಬಂದರು, ತಾರೀಖು, ಕೊಟ್ಟವರ ಹೆಸರು ವಿಳಾಸ, ಎಣ್ಣೆಯ ಹೆಸರು, ಎಷ್ಟು ಟನ್, 15 ಡಿಗ್ರಿಯಲ್ಲಿ ಸಾಂದ್ರತೆ, ಗಂಧಕ ಶೇಕಡ ಎಷ್ಟು, ಎಲ್ಲ ಇರಬೇಕು. 2024ರ ಮೇ 1ರಿಂದ ಫ್ಲಾಶ್ ಪಾಯಿಂಟ್ ವಿವರವೂ ಸೇರಿದೆ. ಫ್ಲಾಶ್ ಪಾಯಿಂಟ್ ಅಂದರೆ ಎಣ್ಣೆಯ ಆವಿ ಕಿಡಿಗೆ ಹತ್ತಿಕೊಳ್ಳುವ ಕನಿಷ್ಠ ಉಷ್ಣತೆ. ಹಡಗಿನ ಇಂಧನಕ್ಕೆ ಅದು 60 ಡಿಗ್ರಿಗಿಂತ ಕಡಿಮೆ ಇರಬಾರದು. ಎಂ.ಜಿ.ಒ. ತಗೊಳ್ಳುವಾಗ ಇದನ್ನು ಮರೆಯದೆ ನೋಡಿ. ಕೆಲವು ಕಡೆ ನೆಲದ ಮೇಲಿನ ಡೀಸೆಲ್ ಬೆರೆತು ಫ್ಲಾಶ್ ಪಾಯಿಂಟ್ ಇಳಿದಿರುತ್ತದೆ.

ಈ ರಸೀತಿ ಮೂರು ವರ್ಷ ಹಡಗಿನಲ್ಲಿರಬೇಕು.

ಇನ್ನು ಸ್ಯಾಂಪಲ್. ಎಣ್ಣೆ ಒಳಗೆ ಬರುವ ಪೂರ್ತಿ ಹೊತ್ತು, ನಿಮ್ಮ ಹಡಗಿನ ಮ್ಯಾನಿಫೋಲ್ಡ್ (ಬಾರ್ಜಿನ ಪೈಪ್ ಜೋಡಿಸುವ ಜಾಗ) ಹತ್ತಿರ, ಹನಿ ಹನಿಯಾಗಿ ತುಂಬಿದ ಸ್ಯಾಂಪಲ್ ಬೇಕು. ಇದಕ್ಕೆ ಮಾರ್ಪೋಲ್ ಸ್ಯಾಂಪಲ್ ಅನ್ನುತ್ತಾರೆ. ಎರಡೂ ಕಡೆಯವರ ಸಹಿ, ಸೀಲ್ ಆದ ಮೇಲೆ ಅದನ್ನು ಕನಿಷ್ಠ 12 ತಿಂಗಳು ಇಟ್ಟುಕೊಳ್ಳಬೇಕು. ಎಣ್ಣೆ ಇನ್ನೂ ಮುಗಿದಿಲ್ಲ ಅಂದರೆ ಮುಗಿಯುವವರೆಗೆ.

ಎಚ್ಚರ: ಬಾರ್ಜಿನವರು ಮೊದಲೇ ಸೀಲ್ ಮಾಡಿದ ಬಾಟಲಿ ತಂದು ‘ಇದೇ ನಿಮ್ಮ ಸ್ಯಾಂಪಲ್, ಸಹಿ ಹಾಕಿ’ ಅಂದರೆ ಹಾಕಬೇಡಿ. ನಿಮ್ಮ ಕಣ್ಣೆದುರು ತುಂಬದ ಬಾಟಲಿ ನಿಮ್ಮ ಎಣ್ಣೆಯದ್ದು ಅನ್ನಲು ಏನು ಆಧಾರ? ಒತ್ತಡ ತಂದರೆ ಲೆಟರ್ ಆಫ್ ಪ್ರೊಟೆಸ್ಟ್, ಅಂದರೆ ಆಕ್ಷೇಪಣೆ ಪತ್ರ, ಬರೆದು ಚೀಫ್ (ಮುಖ್ಯ ಎಂಜಿನಿಯರ್) ಕೈಯಲ್ಲಿ ಕೊಡಿ. ಸಣ್ಣವರಾದ ನಾವು ಹೇಗೆ ಹೇಳೋದು ಅನ್ನಬೇಡಿ. ಸ್ಯಾಂಪಲ್ ಹತ್ತಿರ ನಿಂತವರು ನೀವು, ಗೊತ್ತಿರುವುದು ನಿಮಗೇ.

ಇನ್ನೊಂದು ಗೊಂದಲವನ್ನು ಬಹಳ ಜನ ಕೇಳುತ್ತಾರೆ. ಬಿ.ಡಿ.ಎನ್.ನಲ್ಲಿ 0.49 ಇದೆ, ಹಡಗಿನವರು ಕಳಿಸಿದ ಸ್ಯಾಂಪಲ್‌ಗೆ ಲ್ಯಾಬ್ 0.52 ಅಂತ ವರದಿ ಕೊಟ್ಟಿದೆ. ಈಗೇನು? ಯಾವ ಪರೀಕ್ಷೆಯಲ್ಲೂ ಒಂಚೂರು ಆಚೀಚೆ ಆಗುತ್ತದೆ. ಆ ಆಚೀಚೆಯನ್ನು ಲೆಕ್ಕಕ್ಕೆ ತಗೊಂಡು, ಹಡಗಿನಲ್ಲಿ ಬಳಕೆಯಲ್ಲಿರುವ ಎಣ್ಣೆಯ ಸ್ಯಾಂಪಲ್‌ಗೆ 0.50ರ ಬದಲು 0.53ವರೆಗೆ, 0.10ರ ಬದಲು 0.11ವರೆಗೆ ಬಂದರೂ ಮಿತಿಯೊಳಗೆ ಅಂತಲೇ ನೋಡುತ್ತಾರೆ. ಆದರೆ ಈ ರಿಯಾಯಿತಿ ಮಾರ್ಪೋಲ್ ಸ್ಯಾಂಪಲ್‌ಗೆ ಇಲ್ಲ. ಅದು 0.50 ದಾಟುವ ಹಾಗೇ ಇಲ್ಲ, ಯಾಕೆಂದರೆ ಅದು ಕೊಟ್ಟವರ ಜವಾಬ್ದಾರಿ. ಹಾಗಾಗಿ 0.52 ಬಂದರೆ ಗಾಬರಿ ಬೇಡ, ಸುಮ್ನೆ ಕೂರುವುದೂ ಬೇಡ. ವರದಿಯನ್ನು ಚೀಫ್ ಮೂಲಕ ಕಂಪನಿಗೆ ಕಳಿಸಿ, ಕಡತದಲ್ಲಿ ಇಡಿ.

ಹೊಸ ಎಣ್ಣೆಯನ್ನು ಹಳೆಯದರ ಮೇಲೆ ಸುರಿಯಬೇಡಿ. ಎರಡು ವಿ.ಎಲ್.ಎಸ್.ಎಫ್.ಒ.ಗಳೂ ಒಂದಕ್ಕೊಂದು ಹೊಂದುತ್ತವೆ ಅನ್ನುವ ಖಾತ್ರಿ ಇಲ್ಲ. ಹೊಂದದಿದ್ದರೆ ಅಸ್ಫಾಲ್ಟೀನ್ ಅನ್ನುವ ಭಾರೀ ಅಂಶ ಬೇರೆಯಾಗಿ ಕೆಸರಿನ ಹಾಗೆ ಕೂರುತ್ತದೆ. ಫಿಲ್ಟರ್, ಪ್ಯೂರಿಫೈಯರ್ ಕಟ್ಟಿಕೊಳ್ಳುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಸ್ಪಾಟ್ ಟೆಸ್ಟ್ ಮಾಡಿ. ಎರಡೂ ಎಣ್ಣೆಯನ್ನು ಬೆರೆಸಿ ಬಿಸಿ ಮಾಡಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಣಗಿಸುವುದು, ಆಮೇಲೆ ಕಲೆಯನ್ನು 1ರಿಂದ 5ರ ಮಾದರಿ ಚಿತ್ರಗಳ ಜೊತೆ ಹೋಲಿಸುವುದು. 1 ಅಥವಾ 2 ಬಂದರೆ ಸರಿ. ಮಧ್ಯದಲ್ಲಿ ಕಪ್ಪು ಉಂಗುರ ಎದ್ದು ಕಂಡರೆ ಬೆರೆಸಬೇಡಿ. ಗೆರೆ ದಾಟುವ ಮುನ್ನ ಎಂ.ಜಿ.ಒ. ಜೊತೆಗೂ ಇದೇ ಪರೀಕ್ಷೆ ಮಾಡಬೇಕು, ಯಾಕೆಂದರೆ ಬದಲಿಸುವ ಹೊತ್ತಿನಲ್ಲಿ ಅವೆರಡೂ ಪೈಪಿನಲ್ಲಿ ಬೆರೆತೇ ಬೆರೆಯುತ್ತವೆ.

3. ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನವಾಗಿ ಓದಿ.

ವಾಲ್ವ್ ತಿರುಗಿಸಿದ ಕೂಡಲೇ ಎಣ್ಣೆ ಬದಲಾಗುವುದಿಲ್ಲ. ಎಂಜಿನ್‌ಗೆ ಹೋದ ಎಣ್ಣೆಯಲ್ಲಿ ಸ್ವಲ್ಪ ಮಾತ್ರ ಉರಿಯುತ್ತದೆ, ಉಳಿದದ್ದು ಮಿಕ್ಸಿಂಗ್ ಟ್ಯಾಂಕಿಗೆ ಮರಳಿ ಬಂದು ಹೊಸದರ ಜೊತೆ ಸೇರುತ್ತದೆ. ಮಜ್ಜಿಗೆ ತುಂಬಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟ ಹಾಗೆ. ನೀರು ತುಂಬಿ ತುಳುಕುತ್ತದೆ, ಬಿಳಿ ಬಣ್ಣ ಮಾತ್ರ ಬೇಗ ಹೋಗುವುದಿಲ್ಲ.

ಮೊದಲು ಪೈಪು, ಹೀಟರ್, ಫಿಲ್ಟರ್, ಮಿಕ್ಸಿಂಗ್ ಟ್ಯಾಂಕ್ ಎಲ್ಲ ಸೇರಿ ಸುತ್ತುತ್ತಿರುವ ಎಣ್ಣೆ ಎಷ್ಟು ಅಂತ ತಿಳಿದುಕೊಳ್ಳಿ. ಇದು ವಿಧಾನದ ಪುಸ್ತಕದಲ್ಲಿರುತ್ತದೆ. 3 ಘನ ಮೀಟರ್ ಅಂತ ಇಟ್ಟುಕೊಳ್ಳೋಣ. ಗಂಟೆಗೆ 1.5 ಘನ ಮೀಟರ್ ಖರ್ಚಾಗುತ್ತಿದ್ದರೆ, ಎರಡು ಗಂಟೆಯಲ್ಲಿ ಒಂದು ಸುತ್ತಿನಷ್ಟು ಎಣ್ಣೆ ಉರಿಯುತ್ತದೆ. ಪ್ರತಿ ಸುತ್ತು ಮುಗಿದಾಗ ಹಳೆ ಎಣ್ಣೆಗೂ ಹೊಸದಕ್ಕೂ ಇದ್ದ ಗಂಧಕದ ಅಂತರದಲ್ಲಿ ಉಳಿಯುವುದು ಇಷ್ಟು:

ಒಂದು ಸುತ್ತಿಗೆ ಶೇ. 37
ಎರಡಕ್ಕೆ ಶೇ. 14
ಮೂರಕ್ಕೆ ಶೇ. 5
ನಾಲ್ಕಕ್ಕೆ ಶೇ. 2ಕ್ಕಿಂತ ಸ್ವಲ್ಪ ಕಡಿಮೆ
ಐದಕ್ಕೆ ಶೇ. 0.7

ಈಗ ಹಳೆ ಎಣ್ಣೆ 0.48, ಎಂ.ಜಿ.ಒ. 0.07 ಅಂತಿರಲಿ. ಅಂತರ 0.41. ಮಿತಿ 0.10 ಆದ್ದರಿಂದ 0.07ರ ಮೇಲೆ 0.03 ಉಳಿಯಬಹುದು. 0.41ರಲ್ಲಿ 0.03 ಅಂದರೆ ಶೇ. 7ರಷ್ಟು. ಪಟ್ಟಿ ನೋಡಿದರೆ ಎರಡು ಸುತ್ತು ಸಾಲದು, ಮೂರು ಬೇಕಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ 2.6 ಸುತ್ತು, ಅಂದರೆ ಸುಮಾರು 5.2 ಗಂಟೆ. 12 ನಾಟ್ ವೇಗದಲ್ಲಿ ಹಡಗು ಅಷ್ಟರಲ್ಲಿ 62 ನಾಟಿಕಲ್ ಮೈಲಿ ಹೋಗಿರುತ್ತದೆ.

ಎಲ್ಲ ಹಾಗೇ ಇಟ್ಟು ಎಂ.ಜಿ.ಒ. ಮಾತ್ರ 0.09 ಅಂದುಕೊಳ್ಳಿ. ಅಂತರ 0.39, ಉಳಿಯಬಹುದಾದದ್ದು ಬರೀ 0.01. ಈಗ 3.7 ಸುತ್ತು ಬೇಕು, 7.3 ಗಂಟೆ. ಹೊಸ ಎಣ್ಣೆಯ ಗಂಧಕ ಬರೀ 0.02 ಜಾಸ್ತಿಯಾಗಿದ್ದಕ್ಕೆ ಎರಡು ಗಂಟೆ ಹೆಚ್ಚು! ಎಂ.ಜಿ.ಒ. ನಿಖರವಾಗಿ 0.10 ಇದ್ದರೆ ಲೆಕ್ಕದ ಪ್ರಕಾರ ಎಂದೂ ಮುಗಿಯುವುದೇ ಇಲ್ಲ. ‘ಬಿ.ಡಿ.ಎನ್. 0.10ರ ಒಳಗಿದೆಯಲ್ಲ, ಸಾಕು’ ಅನ್ನುವವರಿಗೆ ಈ ಎರಡು ಲೆಕ್ಕ ತೋರಿಸಿ. ಎಂ.ಜಿ.ಒ. ಕೊಳ್ಳುವಾಗ 0.08ಕ್ಕಿಂತ ಕಡಿಮೆಯದ್ದು ಸಿಕ್ಕರೆ ಅದನ್ನೇ ಕೇಳಿ ಅಂತ ನಾನು ಹೇಳುವುದು ಇದಕ್ಕೇ.

ಲೆಕ್ಕದಲ್ಲಿ ಜನ ಎಡವುವ ಜಾಗಗಳು:

ಪೂರ್ತಿ ವೇಗದ ಖರ್ಚನ್ನು ಹಾಕುತ್ತಾರೆ. ಆದರೆ ಬದಲಿಸುವಾಗ ಲೋಡ್, ಅಂದರೆ ಎಂಜಿನ್ ಮೇಲಿನ ಹೊರೆ, ಇಳಿಸಿರುತ್ತೀರಿ. ಖರ್ಚು ಅರ್ಧವಾದರೆ ಸಮಯ ದುಪ್ಪಟ್ಟು. ಇಳಿಸಿದ ಮೇಲಿನ ಖರ್ಚನ್ನೇ ಹಿಡಿಯಿರಿ.

ಸರ್ವಿಸ್ ಟ್ಯಾಂಕನ್ನು, ಅಂದರೆ ಎಂಜಿನ್‌ಗೆ ನೇರವಾಗಿ ಎಣ್ಣೆ ಕೊಡುವ ಟ್ಯಾಂಕನ್ನು, ಮರೆಯುತ್ತಾರೆ. ಎಂ.ಜಿ.ಒ.ಗೆ ಬೇರೆ ಸರ್ವಿಸ್ ಟ್ಯಾಂಕ್ ಇದ್ದರೆ ಮೇಲಿನ ಲೆಕ್ಕ ಸರಿ. ಒಂದೇ ಟ್ಯಾಂಕಿನಲ್ಲಿ ಬೆರೆಯಬೇಕಾದರೆ 3 ಘನ ಮೀಟರ್ ಅಲ್ಲ, ಆ ಟ್ಯಾಂಕಿನಲ್ಲಿ ಉಳಿದದ್ದೂ ಸೇರಬೇಕು. ಆಗ ಗಂಟೆಗಳು ದಿನಗಳಾಗಬಹುದು.

ರಿಟರ್ನ್ ಪೈಪ್. ಮರಳುವ ಎಣ್ಣೆಯನ್ನು ಹಳೆ ಟ್ಯಾಂಕಿಗೆ ಬಿಟ್ಟರೆ ಬೇಗ ಬದಲಾಗುತ್ತದೆ ನಿಜ. ಆದರೆ ಬೆಲೆಬಾಳುವ ಎಂ.ಜಿ.ಒ. ಅಲ್ಲಿಗೆ ಸೇರುತ್ತದೆ, ಎರಡು ಎಣ್ಣೆ ಹೊಂದದಿದ್ದರೆ ಆ ಟ್ಯಾಂಕೂ ಕೆಡುತ್ತದೆ. ಇದಕ್ಕಿಂತ ಕೆಟ್ಟದ್ದು ಉಲ್ಟಾ ಆಗುವುದು. ಹಳೆ ಎಣ್ಣೆ ಎಂ.ಜಿ.ಒ. ಟ್ಯಾಂಕಿಗೆ ಹೋದರೆ ನಿಮ್ಮ ಹತ್ತಿರ 0.10ರ ಎಣ್ಣೆಯೇ ಇಲ್ಲದಂತಾಗುತ್ತದೆ. ವಾಲ್ವ್ ಎರಡು ಜನ ನೋಡಲಿ.

ಬಂದ ಉತ್ತರದ ಮೇಲೆ ಇನ್ನಷ್ಟು ಸಮಯ ಸೇರಿಸಿ. ಎಣ್ಣೆ ಸುತ್ತದೆ ನಿಂತ ಪೈಪಿನ ತುಂಡುಗಳು, ಸೋರುವ ವಾಲ್ವ್‌ಗಳು ಯಾವ ಲೆಕ್ಕದಲ್ಲೂ ಇರುವುದಿಲ್ಲ.

4. ಯಂತ್ರವನ್ನು ತಯಾರು ಮಾಡಿ

ಭಾರೀ ಎಣ್ಣೆಯನ್ನು ಬಿಸಿ ಮಾಡಿಯೇ ಎಂಜಿನ್‌ಗೆ ಕೊಡಬೇಕು. ದಪ್ಪ ಎಣ್ಣೆಗೆ 130 ಡಿಗ್ರಿ ಆಸುಪಾಸು ಬೇಕಾಗಬಹುದು. ಎಂ.ಜಿ.ಒ.ಗೆ ಬಿಸಿ ಬೇಡವೇ ಬೇಡ. ಇಂಧನ ಪಂಪಿನ ಒಳಗಿನ ಭಾಗಗಳ ನಡುವೆ ಇರುವ ಸಂದಿ ಕೂದಲಿಗಿಂತ ತೆಳು. ಒಮ್ಮೆಲೇ ತಣ್ಣಗಿನ ಎಣ್ಣೆ ಬಂದರೆ ಒಂದು ಭಾಗ ಕುಗ್ಗಿ ಇನ್ನೊಂದು ಕುಗ್ಗದೆ ಪಂಪ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಉಷ್ಣತೆ ನಿಮಿಷಕ್ಕೆ 2 ಡಿಗ್ರಿಗಿಂತ ಬೇಗ ಬದಲಾಗಬಾರದು ಅನ್ನುವುದು. 130ರಿಂದ 40ಕ್ಕೆ ಇಳಿಯಲು 90 ಡಿಗ್ರಿ, ಅಂದರೆ ಕನಿಷ್ಠ 45 ನಿಮಿಷ.

ಎರಡನೇ ತೊಂದರೆ ತೆಳು ಎಣ್ಣೆ. ಎಂಜಿನ್ ಬಾಗಿಲಲ್ಲಿ ಎಣ್ಣೆಯ ವಿಸ್ಕಾಸಿಟಿ, ಅಂದರೆ ಸ್ನಿಗ್ಧತೆ, 2 ಸೆಂಟಿಸ್ಟೋಕ್‌ಗಿಂತ ಕೆಳಗೆ ಹೋಗಬಾರದು. ಎಂ.ಜಿ.ಒ. 40 ಡಿಗ್ರಿಯಲ್ಲೇ ಕೆಲವೊಮ್ಮೆ ಬರೀ 2 ಇರುತ್ತದೆ. ಬಿಸಿ ಎಂಜಿನ್ ರೂಮಿನಲ್ಲಿ 50 ಆದರೆ? ಮಿತಿ ತಪ್ಪಿತು. ಆದ್ದರಿಂದ ಕೂಲರ್ ಅಥವಾ ಚಿಲ್ಲರ್ ಕೆಲಸ ಮಾಡುತ್ತಿದೆಯೇ ಅಂತ ಹಿಂದಿನ ದಿನವೇ ನೋಡಿ. ಹೀಟರ್‌ಗೆ ಹೋಗುವ ಸ್ಟೀಮ್ ಮುಚ್ಚಬೇಕು, ಪೈಪಿಗೆ ಸುತ್ತಿರುವ ಟ್ರೇಸಿಂಗ್ ಸ್ಟೀಮ್ ಕೂಡ. ಈ ಎರಡನೆಯದನ್ನೇ ಜನ ಮರೆಯುವುದು.

ತೆಳು ಎಣ್ಣೆ ಸೋರುತ್ತದೆ. ಭಾರೀ ಎಣ್ಣೆಯಲ್ಲಿ ಒಣಗಿದಂತಿದ್ದ ಜಾಯಿಂಟ್ ಎಂ.ಜಿ.ಒ. ಬಂದ ಕೂಡಲೇ ಹನಿಯಲು ಶುರು ಮಾಡಬಹುದು. ಟಾರ್ಚ್ ಹಿಡಿದು ಸುತ್ತುಹಾಕಿ. ಬಿಸಿ ಎಕ್ಸಾಸ್ಟ್ ಹತ್ತಿರದ ಸೋರಿಕೆ ಬೆಂಕಿಯೇ ಸರಿ.

ಎರಡು ಸ್ಟ್ರೋಕ್ ಎಂಜಿನ್ ಆದರೆ ಸಿಲಿಂಡರ್ ಎಣ್ಣೆಯೂ ಇದೆ. ಅದರ ಬಿ.ಎನ್., ಅಂದರೆ ಆಮ್ಲ ತಟಸ್ಥಗೊಳಿಸುವ ಶಕ್ತಿ, ಗಂಧಕಕ್ಕೆ ತಕ್ಕಂತಿರಬೇಕು. ಗಂಧಕ ಕಡಿಮೆ ಇದ್ದಾಗ ಹೆಚ್ಚಿನ ಬಿ.ಎನ್. ಎಣ್ಣೆಯನ್ನು ಬಹಳ ದಿನ ಹಾಕಿದರೆ ಪಿಸ್ಟನ್ ತಲೆಯ ಮೇಲೆ ಗಟ್ಟಿ ಪದರ ಕಟ್ಟಿ ಲೈನರ್ (ಸಿಲಿಂಡರಿನ ಒಳಗೋಡೆ) ಉಜ್ಜುತ್ತದೆ. ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಎಂಜಿನ್ ಕಂಪನಿಯ ಸೂಚನೆಯೇ ಕೊನೆ ಮಾತು.

5. ಬದಲಿಸಿ

ಪೈಲಟ್ (ಬಂದರಿಗೆ ದಾರಿ ತೋರಿಸುವವರು) ಹತ್ತುವ ಮುನ್ನ, ತೆರೆದ ಸಮುದ್ರದಲ್ಲಿ, ಬ್ರಿಡ್ಜ್‌ಗೆ ಹೇಳಿ ಶುರು ಮಾಡಿ. ಕಿರಿದಾದ ಕಾಲುವೆಯಲ್ಲಿ, ಹಡಗುಗಳ ದಟ್ಟಣೆಯಲ್ಲಿ ಬೇಡ. ಎಂಜಿನ್ ನಿಂತರೆ ನಿಲ್ಲಲು ಜಾಗ ಬೇಕಲ್ವಾ? ಸೂಯೆಜ್ ವಿಷಯದಲ್ಲಿ ಹೇಳುವುದಾದರೆ, ಕಾಲುವೆ ಸೇರುವ ಮುನ್ನ ದಕ್ಷಿಣದ ಕಡೆಯೇ ಮುಗಿಸಿಕೊಂಡು ಬಿಡುವುದು ಕ್ಷೇಮ. ಎಂ.ಜಿ.ಒ. ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಒಂದೊಂದಾಗಿ ಮಾಡಿ. ಲೋಡ್ ಇಳಿಸಿ, ಉಷ್ಣತೆ ಇಳಿಯಲು ಬಿಟ್ಟು, ವಾಲ್ವ್ ತಿರುಗಿಸಿ, ವಿಸ್ಕಾಸಿಟಿ ಮೀಟರ್ ಮತ್ತು ಉಷ್ಣತೆ ನೋಡುತ್ತಾ ಇರಿ. ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ಏರಿದರೆ ಕೆಸರು ಬರುತ್ತಿದೆ ಅಂತ ಅರ್ಥ. ಎಂ.ಜಿ.ಒ. ಹಳೆ ಪೈಪಿನ ಕೊಳೆಯನ್ನು ತೊಳೆದುಕೊಂಡು ಬರುತ್ತದೆ, ಹಾಗಾಗಿ ಬದಲಿ ಫಿಲ್ಟರ್ ಎಲಿಮೆಂಟ್ ಹತ್ತಿರದಲ್ಲೇ ಇರಲಿ.

ಎಚ್ಚರ: ನಿಯಮ ಮುಖ್ಯ ಎಂಜಿನ್‌ಗೆ ಮಾತ್ರ ಅಲ್ಲ. ಜನರೇಟರ್, ಬಾಯ್ಲರ್, ಎಲ್ಲದಕ್ಕೂ ಇದೆ. ಬಾಯ್ಲರ್ ಬಿಟ್ಟುಹೋಗುವುದು ಬಹಳ ಸಾಮಾನ್ಯ. ಅದರ ಬರ್ನರ್ ಎಂ.ಜಿ.ಒ.ಗೆ ಹೊಂದದಿದ್ದರೆ ಜ್ವಾಲೆ ಆರಿಹೋಗಬಹುದು, ಕುಲುಮೆಯಲ್ಲಿ ಆವಿ ತುಂಬಿ ಸ್ಫೋಟವಾಗುವ ಅಪಾಯವೂ ಇದೆ. ಅದರ ವಿಧಾನವನ್ನು ಬೇರೆಯಾಗಿ ಓದಿ.

ಮುಗಿದ ಮೇಲೆ ಎಂಜಿನ್ ಮುಂದಕ್ಕೂ ಹಿಂದಕ್ಕೂ ಸ್ಟಾರ್ಟ್ ಆಗುತ್ತದೆಯೇ ಅಂತ ನೋಡಿ. ಸವೆದ ಪಂಪಿನಲ್ಲಿ ತೆಳು ಎಣ್ಣೆ ಹಿಂದಕ್ಕೆ ಸೋರಿ, ಓಡುವಾಗ ಚೆನ್ನಾಗಿದ್ದ ಎಂಜಿನ್ ಸ್ಟಾರ್ಟ್ ಆಗುವಾಗ ಕೈಕೊಡುತ್ತದೆ. ದಕ್ಕೆಯ ಪಕ್ಕದಲ್ಲಿ ಅದು ಗೊತ್ತಾಗುವುದು ಬೇಡ.

6. ಬರೆದಿಡಿ

ಬದಲಾವಣೆ ಪೂರ್ತಿಯಾದ ತಾರೀಖು, ಸಮಯ, ಹಡಗಿನ ಸ್ಥಾನ, ಜೊತೆಗೆ ಪ್ರತಿ ಟ್ಯಾಂಕಿನಲ್ಲಿ ಕಡಿಮೆ ಗಂಧಕದ ಎಣ್ಣೆ ಎಷ್ಟಿದೆ. ಒಳಗೆ ಹೋಗುವಾಗ ‘ಪೂರ್ತಿಯಾದ’ ಸಮಯ, ಹೊರಗೆ ಬರುವಾಗ ‘ಶುರುವಾದ’ ಸಮಯ. ನಿಯಮ ಕೇಳುವುದು ಇದನ್ನೇ. ವಾಲ್ವ್ ತಿರುಗಿಸಿದ ಸಮಯವನ್ನು ಬರೆದು ‘ಬದಲಿಸಿದೆವು’ ಅಂತ ಮುಗಿಸಿದರೆ ಇನ್ಸ್‌ಪೆಕ್ಟರ್ ಮೊದಲು ಹಿಡಿಯುವುದೂ ಅದನ್ನೇ. ನಿಮ್ಮ ಲೆಕ್ಕದ ಕಾಗದವನ್ನೂ ಜೊತೆಗಿಡಿ.

ಎಂಜಿನ್ ಲಾಗ್, ಬ್ರಿಡ್ಜ್ ಲಾಗ್, ಬದಲಾವಣೆಯ ಪುಸ್ತಕ ಮೂರರಲ್ಲೂ ಒಂದೇ ಸಮಯ ಇರಬೇಕು. ಗಡಿಯಾರ ಹಿಂದೆ ಮುಂದೆ ಮಾಡುವ ರಾತ್ರಿಗಳಲ್ಲಿ ಒಂದು ಗಂಟೆ ವ್ಯತ್ಯಾಸ ಬರುವುದು ಸುಲಭ. ತಪ್ಪು ಬರೆದಿದ್ದರೆ ಒಂದು ಗೆರೆ ಎಳೆದು, ಸಹಿ ಹಾಕಿ, ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ವೈಟ್ನರ್ ಬೇಡ, ಪುಟ ಹರಿಯುವುದು ಬೇಡ. ತಡವಾಗಿ ಬದಲಿಸಿದ್ದರೆ ತಡವಾಯಿತು ಅಂತಲೇ ಬರೆಯಿರಿ. ಯಾರಾದರೂ ‘ಸಮಯ ಒಂಚೂರು ಹಿಂದೆ ಹಾಕು’ ಅಂದರೆ ಒಪ್ಪಬೇಡಿ. ಅಮೆರಿಕದಲ್ಲಿ ಸುಳ್ಳು ದಾಖಲೆ ತೋರಿಸುವುದೇ ಕ್ರಿಮಿನಲ್ ಕೇಸು.

7. ಒಳಗಿರುವಾಗ

ಬಂದರಿನ ಅಧಿಕಾರಿಗಳು, ಅಂದರೆ ಪಿ.ಎಸ್.ಸಿ.ಯವರು, ಕಾಗದ ನೋಡಬಹುದು, ಪೈಪಿನಿಂದ ಸ್ಯಾಂಪಲ್ ಕೇಳಬಹುದು. ಅದನ್ನು ತೆಗೆಯುವ ಗೊತ್ತುಪಡಿಸಿದ ಜಾಗ ನಿಮ್ಮ ಎಂಜಿನ್ ರೂಮಿನಲ್ಲಿ ಎಲ್ಲಿದೆ ಅಂತ ಅವರು ಬರುವ ಮೊದಲೇ ಗೊತ್ತಿರಲಿ.

ಹಡಗು ಹತ್ತದೆಯೇ ನೋಡುವವರೂ ಇದ್ದಾರೆ. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯಲ್ಲಿ ಹೊಗೆ ಮೂಸುವ ಉಪಕರಣ ಇದೆ. ಕೆಳಗೆ ಹೋಗುವ ಹಡಗಿನ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟು, ಕಾರ್ಬನ್ ಡೈಆಕ್ಸೈಡ್ ಎಷ್ಟು ಅಂತ ಅಳೆದು ಎಣ್ಣೆಯ ಗಂಧಕವನ್ನು ಅಂದಾಜು ಮಾಡುತ್ತದೆ. ಯೂರೋಪಿನಲ್ಲಿ ಡ್ರೋನ್‌ಗಳೂ ಇದೇ ಕೆಲಸ ಮಾಡುತ್ತವೆ. ಅದರಲ್ಲಿ ಅನುಮಾನ ಬಂದರೆ ಮುಂದಿನ ಬಂದರಿನಲ್ಲಿ ಸ್ಯಾಂಪಲ್ ಕೇಳಲು ಜನ ಕಾಯುತ್ತಿರುತ್ತಾರೆ.

ಸರಿಯಾದ ಎಣ್ಣೆ ಸಿಗಲೇ ಇಲ್ಲ ಅಂದರೆ?

ಅದಕ್ಕೆ ಫೋನಾರ್ ಅನ್ನುವ ವರದಿ ಇದೆ. ಇಂಧನ ಸಿಗಲಿಲ್ಲ ಅಂತ ಹಡಗಿನ ಧ್ವಜದ ದೇಶಕ್ಕೂ ಹೋಗುವ ಬಂದರಿಗೂ ಮೊದಲೇ ತಿಳಿಸುವುದು. ಯಾರ ಯಾರನ್ನು ಕೇಳಿದಿರಿ, ಏನು ಉತ್ತರ ಬಂತು ಅನ್ನುವ ಪುರಾವೆ ಜೊತೆಗಿರಬೇಕು. ಎಣ್ಣೆಗಾಗಿ ಹಡಗು ದಾರಿ ಬಿಟ್ಟು ಸುತ್ತಬೇಕು ಅಂತ ನಿಯಮ ಹೇಳುವುದಿಲ್ಲ. ಆದರೆ ಫೋನಾರ್ ಅಂದರೆ ಅನುಮತಿ ಪತ್ರ ಅಲ್ಲ. ಏನು ಮಾಡಬೇಕು ಅಂತ ತೀರ್ಮಾನಿಸುವುದು ಆ ದೇಶ. ‘ಬೆಲೆ ಜಾಸ್ತಿ ಇತ್ತು’ ಅನ್ನುವುದು ಕಾರಣವಾಗಿ ನಡೆಯುವುದಿಲ್ಲ. ಇನ್ನೊಂದು ವಿಷಯ, 2020ರ ಮಾರ್ಚ್ 1ರಿಂದ ಸ್ಕ್ರಬ್ಬರ್ (ಹೊಗೆ ತೊಳೆಯುವ ಯಂತ್ರ) ಇಲ್ಲದ ಹಡಗಿನಲ್ಲಿ 0.50 ಮೀರಿದ ಎಣ್ಣೆಯನ್ನು ಬಳಕೆಗೆಂದು ಇಟ್ಟುಕೊಳ್ಳುವುದೇ ತಪ್ಪು. ಉಳಿದದ್ದನ್ನು ಹೊರಗೆ ತೆಗೆಸಬೇಕಾಗಬಹುದು.

ನಮ್ಮ ಹಡಗಿನಲ್ಲಿ ಸ್ಕ್ರಬ್ಬರ್ ಇದೆ, ನಮಗೂ ಇದೆಲ್ಲ ಬೇಕಾ?

ಸ್ಕ್ರಬ್ಬರ್ ಅಂದರೆ ಹೊಗೆಯನ್ನು ನೀರಿನಲ್ಲಿ ತೊಳೆಯುವ ಯಂತ್ರ. ಅದಿದ್ದರೆ ಹೆಚ್ಚು ಗಂಧಕದ ಎಣ್ಣೆ ಉರಿಸಬಹುದು. ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ನ ಅನುಪಾತ (ಮೊದಲನೆಯದು ಹತ್ತು ಲಕ್ಷಕ್ಕೆ ಎಷ್ಟು ಭಾಗ, ಎರಡನೆಯದು ಶೇಕಡ ಎಷ್ಟು ಅನ್ನುವ ಲೆಕ್ಕದಲ್ಲಿ) ಈ.ಸಿ.ಎ. ಹೊರಗೆ 21.7, ಈ.ಸಿ.ಎ. ಒಳಗೆ 4.3 ಮೀರಬಾರದು, ಅಷ್ಟೇ. ಆದರೆ ತೊಳೆದ ನೀರನ್ನು ನೇರ ಸಮುದ್ರಕ್ಕೆ ಬಿಡುವ ಓಪನ್ ಲೂಪ್ ಮಾದರಿಯನ್ನು ಸಿಂಗಾಪುರ, ಫುಜೈರಾ ಬಂದರುಗಳಲ್ಲಿ ನಿಷೇಧಿಸಿದ್ದಾರೆ. ಡೆನ್ಮಾರ್ಕ್ 2025ರ ಜುಲೈ 1ರಿಂದ ತನ್ನ ತೀರದ ನೀರಿನಲ್ಲಿ ನಿಷೇಧಿಸಿದೆ. ಅಂಥ ಕಡೆ ನೀವೂ ಎಣ್ಣೆ ಬದಲಿಸಬೇಕು. ನಿಮ್ಮ ಲೆಕ್ಕ ಇನ್ನೂ ಉದ್ದ. ಮೂರನೇ ಹಂತದ ಉದಾಹರಣೆಯಲ್ಲೇ ಹಳೆ ಎಣ್ಣೆ 3.50 ಅಂತ ಹಾಕಿ ನೋಡಿ. 0.07ರ ಎಂ.ಜಿ.ಒ. ಇದ್ದರೂ 4.7 ಸುತ್ತು, ಒಂಬತ್ತೂವರೆ ಗಂಟೆ.

8. ಹೊರಗೆ ಬರುವಾಗ

ಗೆರೆ ದಾಟಿದ್ದು ಖಚಿತ ಅಂತ ಬ್ರಿಡ್ಜ್ ಹೇಳಿದ ಮೇಲೆ ಶುರು ಮಾಡಿ. ಮೆಡಿಟರೇನಿಯನ್‌ನಿಂದ ಜಿಬ್ರಾಲ್ಟರ್ ದಾಟಿ ಉತ್ತರಕ್ಕೆ ಹೋಗುವವರು ಮೊದಲು ಯೋಚಿಸಿ: ಇಂಗ್ಲಿಷ್ ಚಾನೆಲ್‌ನಲ್ಲಿ ಮತ್ತೆ 0.10 ಬೇಕು. ನಡುವಿನ ಕೆಲವೇ ದಿನಕ್ಕೆ ಎರಡು ಸಲ ಬದಲಿಸುವುದೋ, ಎಂ.ಜಿ.ಒ.ನಲ್ಲೇ ಮುಂದುವರಿಯುವುದೋ ಅನ್ನುವುದು ಚೀಫ್ ಮತ್ತು ಕಂಪನಿಯ ತೀರ್ಮಾನ. ಅದನ್ನು ಗೆರೆ ಹತ್ತಿರ ಬಂದಾಗ ಕೇಳಬೇಡಿ, ಎರಡು ದಿನ ಮೊದಲು ಕೇಳಿ.

ತಣ್ಣಗಿನಿಂದ ಬಿಸಿಗೆ ಹೋಗುವಾಗಲೂ ನಿಮಿಷಕ್ಕೆ 2 ಡಿಗ್ರಿಯೇ. ಈ ಸಲ ಅಪಾಯ ಬೇರೆ ತರಹದ್ದು. ಬಿಸಿ ಎಣ್ಣೆ ಬಂದಾಗ ಪೈಪಿನಲ್ಲಿದ್ದ ಎಂ.ಜಿ.ಒ. ಕಾದು ಆವಿಯಾಗಿ ಪಂಪಿನಲ್ಲಿ ಗಾಳಿಗುಳ್ಳೆ ಕಟ್ಟಬಹುದು. ಆದ್ದರಿಂದ ಟ್ರೇಸಿಂಗ್ ಸ್ಟೀಮ್ ತೆರೆಯಲು ಅವಸರ ಬೇಡ. ಕೂಲರ್ ನಿಲ್ಲಿಸಿ, ಸಿಲಿಂಡರ್ ಎಣ್ಣೆ ನೋಡಿ, ಶುರುವಾದ ಸಮಯ ಬರೆಯಿರಿ. ಎಂ.ಜಿ.ಒ. ಸೌಂಡಿಂಗ್ ತಗೊಂಡು, ಉಳಿದ ಅಳತೆಯನ್ನೂ ಅದರ ಗಂಧಕದ ಅಂಕಿಯನ್ನೂ ನಿಮ್ಮ ನಂತರ ವಾಚ್‌ಗೆ ಬರುವವರಿಗೆ ಬರೆದುಕೊಡಿ. ಮುಂದಿನ ಗೆರೆಯ ಲೆಕ್ಕವನ್ನು ಅವರೇ ಹಾಕಬೇಕಾಗಬಹುದು.